ಕಡಗೋಲಿಗೆ ಸಿಕ್ಕ ಮಿಠಾಯಿ

ದೊಡ್ಡ ಸುದ್ದಿ ಬಂದಾಗಲೆಲ್ಲ ನನ್ನ ಕೈ ಯಾವುದೋ ಕೆಲಸದಲ್ಲಿ ಸಿಕ್ಕಿಕೊಂಡಿರುತ್ತದೆ. ನನ್ನ ಮದುವೆ ಗೊತ್ತಾದ ಸುದ್ದಿ ತಿಕೋಟಾದ ತವರುಮನೆಗೆ ಬಂದಾಗ ನೆಲ ಸಾರಿಸುತ್ತಿದ್ದೆ. ಮಹಾಯುದ್ಧ ಶುರುವಾಯಿತೆಂದು ಮನೆಯವರು ಪೇಪರು ಓದಿ ಹೇಳಿದಾಗ ಒಣಮೆಣಸಿನಕಾಯಿ ಕುಟ್ಟುತ್ತಿದ್ದೆ. ಅಂದು ಯುದ್ಧಕ್ಕೆ ಅತ್ತೆನೋ ಖಾರಕ್ಕೆ ಅತ್ತೆನೋ ಇಂದಿಗೂ ಹೇಳಲಾರೆ. ಈ ಸುದ್ದಿ ಬಂದಾಗ ಮೊರದ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದೆ. ಬಬಲೇಶ್ವರದಿಂದ ಸಂತೆಗೆ ಬಂದ ಪರಿಚಯದವರೊಬ್ಬರು ಬಾಗಿಲಲ್ಲೇ ನಿಂತು, "ಅಕ್ಕಾರ, ನಿಮ್ಮ ಬೀಗತಿ ನೀಲವ್ವ ಹೇಳಿ ಕಳಿಸ್ಯಾಳ್ರಿ. ಬರೂ ಸೋಮವಾರ ಮಗಳ ಕುಬಸಕ್ಕ ಇಪ್ಪತ್ತು ಮಂದಿ ಹೆಣ್ಮಕ್ಕಳನ್ನ ಕರಕೊಂಡು ಬರ್ತಾಳಂತ," ಎಂದು ಹೇಳಿ ನೀರು ಕುಡಿದು ಹೋದರು.

ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆಕೆ ಬಯಸಿದ್ದನ್ನು ಎಲ್ಲರೆದುರು ಉಣಿಸುವ ಸಂಭ್ರಮ. ಸೀರೆ ತಂದಿದ್ದೆವು. ಇಪ್ಪತ್ತು ಜನರಿಗೆ ಹೋಳಿಗೆ ತಟ್ಟುವುದೂ ನನಗೆ ಹೊಸದಲ್ಲ. ನನ್ನ ಚಿಂತೆ ಇದ್ದದ್ದು ಆ ಉಣಿಸುವ ಮಾತಿನಲ್ಲಿ. ನನ್ನ ಸೊಸೆ ಗಿರಿಜಾಗೆ ಏಳನೆಯ ತಿಂಗಳು ಬಂದರೂ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ರೊಟ್ಟಿ ಮುರಿದರೆ ಬಚ್ಚಲಿಗೆ ಓಡುತ್ತಿದ್ದಳು, ಅನ್ನದ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ಗಂಜಿಯ ಮೇಲೆ ಜೀವ ಹಿಡಿದುಕೊಂಡಿದ್ದ ಹುಡುಗಿಯ ಕೈಯ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಹೆತ್ತ ತಾಯಿ ಬಂದು ನೋಡಿದರೆ ಏನೆಂದಾಳು? ಆಕೆ ಏನೂ ಅನ್ನದಿದ್ದರೂ, ಈ ಹುಡುಗಿ ಇನ್ನೆರಡು ತಿಂಗಳು ಹೀಗೇ ಇದ್ದರೆ ಹೆರಿಗೆಗೆ ಶಕ್ತಿ ಎಲ್ಲಿಂದ ಬಂದೀತು? ದಿನಾ ಪೂಜೆಗೆ ಕೂತಾಗ ನಾನು ಶಿವನನ್ನು ಕೇಳುತ್ತಿದ್ದುದು ಇದೊಂದೇ.

ಒಂದೇ ಒಂದು ತಿನಿಸು ಅವಳಿಗೆ ದಕ್ಕಿತ್ತು. ಪುಣೆಯಲ್ಲಿ ಮಿಲಿಟರಿ ಉಗ್ರಾಣದ ಕಾರಕೂನನಾಗಿದ್ದ ನನ್ನ ತಮ್ಮ ಶಿವಪ್ಪ ರಜೆಗೆ ತಿಕೋಟಾಕ್ಕೆ ಹೋಗುವಾಗ ಒಂದು ತಗಡಿನ ಡಬ್ಬಿ ಕೊಟ್ಟು ಹೋಗಿದ್ದ. ಒಳಗೆ ಬೆರಳ ಗಾತ್ರದ ಬಿಳಿ ಮಿಠಾಯಿ. ಒತ್ತಿದರೆ ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಉಬ್ಬುತ್ತಿತ್ತು. ಬಾಯಲ್ಲಿಟ್ಟರೆ ಮೋಡವನ್ನು ಸಕ್ಕರೆಯಲ್ಲಿ ಅದ್ದಿದಂತೆ. ಅದಕ್ಕೆ ಮಾರ್ಷ್‌ಮೆಲೋ ಎನ್ನುತ್ತಾರೆಂದು ಶಿವಪ್ಪ ಮೂರು ಸಲ ಹೇಳಿಕೊಟ್ಟ. ನನ್ನ ನಾಲಗೆ ತಿರುಗಲಿಲ್ಲ, ಬಿಳಿ ಮಿಠಾಯಿ ಎಂದೇ ಕರೆದೆ. ಗಿರಿಜಾ ಎರಡು ತಿಂದಳು, ಬಚ್ಚಲಿಗೆ ಓಡಲಿಲ್ಲ. ನನಗೆ ಆದ ಸಂತೋಷಕ್ಕೆ ಒಂದನ್ನು ದೇವರ ಮುಂದೆ ನೈವೇದ್ಯಕ್ಕಿಟ್ಟು, ಇನ್ನೊಂದನ್ನು ಕಣ್ಣಿಗೊತ್ತಿಕೊಂಡು ನಾನೇ ತಿಂದೆ.

ಮರುದಿನ ಮನೆಯವರು ಡಬ್ಬಿಯ ಮೇಲಿದ್ದ ಇಂಗ್ಲಿಷನ್ನು ಡಾಕ್ಟರ ಹತ್ತಿರ ಓದಿಸಿಕೊಂಡು ಬಂದರು. ಚಪ್ಪಲಿ ಬಿಡುತ್ತಲೇ, "ಇದರಾಗ ಏನ ಹಾಕ್ಯಾರ ಗೊತ್ತೇನ ನಿನಗ? ದನದ ಎಲುಬು, ಚರ್ಮ ಕುದಿಸಿ ತಗದ ಅಂಟು," ಎಂದರು.

ನಾನು ತಿಂದದ್ದು ಹೋಗಲಿ, ಶಿವನಿಗೂ ತಿನ್ನಿಸಿದ್ದೆ. ಡಬ್ಬಿಯನ್ನು ಊರಾಚೆ ಹಾಕಿಸಿ, ದೇವರ ಜಗಲಿಯನ್ನು ಮೂರು ಸಲ ತೊಳೆದು, ಎರಡು ದಿನ ಉಪವಾಸ ಮಾಡಿದೆ. ಒಂದೇ ಸಮಾಧಾನವೆಂದರೆ, ನೈವೇದ್ಯವನ್ನು ನೋಡಹೋದಾಗ ಇರುವೆಗಳು ಅದನ್ನು ಪೂರ್ತಿ ಹೊತ್ತೊಯ್ದಿದ್ದವು. ದೇವರು ಮುಟ್ಟಲಿಲ್ಲವೆಂದು ನಾನು ನಂಬಿದೆ. "ಹಂಗಾದರ ಮುಟ್ಟಿದವರು ನೀವ ಅತ್ತಿ ಸೊಸಿ," ಎಂದು ಮನೆಯವರು ನಕ್ಕರು.

ಗಿರಿಜಾ ನಗಲಿಲ್ಲ. ಅವಳೂ ಲಿಂಗಪೂಜೆ ಬಿಡದ ಹುಡುಗಿ. "ಆಗೂದಾತು ಬಿಡ್ರಿ ಅತ್ತೀ. ಎಲುಬಿಲ್ಲದ ಹಂತಾದ್ದ ಮಾಡಾಕ ಬರೂದಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಬಸುರಿಯ ಬಯಕೆಗೆ ಇಲ್ಲವೆನ್ನಬಾರದಲ್ಲ, "ಯಾಕ ಬರೂದಿಲ್ಲವ್ವಾ," ಎಂದುಬಿಟ್ಟೆ.

ಅಂಟೇ ಬೇಕಾದರೆ ಗಿಡದ ಅಂಟು ಇಲ್ಲವೇ ಎಂಬುದು ನನ್ನ ಮೊದಲ ಜಾಣತನ. ಬಾಣಂತಿಯರ ಉಂಡಿಗೆಂದು ತಂದಿಟ್ಟಿದ್ದ ಅಂಟನ್ನು ನೆನೆಸಿ ಸಕ್ಕರೆ ಪಾಕದಲ್ಲಿ ಕುದಿಸಿದೆ. ಆರಿದ ಮೇಲೆ ಅದು ತಾಟನ್ನು ಬಿಡಲಿಲ್ಲ. ರುಚಿ ನೋಡಿದ ಮನೆಯವರ ಹಲ್ಲನ್ನೂ ಬಿಡಲಿಲ್ಲ. ಆ ದಿನ ಅವರು ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಇದನ್ನೂ ನಾನು ಶಿವನ ಕೃಪೆಯ ಲೆಕ್ಕಕ್ಕೇ ಹಾಕಿದೆ. ಆಮೇಲೆ ಪೇಟೆಯಿಂದ ಚೈನಾ ಗ್ರಾಸ್ ತರಿಸಿದೆ. ಅದು ಸಮುದ್ರದ ಪಾಚಿಯಿಂದ ಮಾಡಿದ್ದೆಂದು ಅಂಗಡಿಯವರು ಆಣೆ ಮಾಡಿ ಹೇಳಿದ ಮೇಲೇ ಒಳಗೆ ಬಿಟ್ಟುಕೊಂಡೆ. ಅದು ಗಟ್ಟಿಯಾಯಿತು, ಗಡಗಡ ನಡುಗಿತು, ಆದರೆ ಉಬ್ಬಲಿಲ್ಲ. ಗಿರಿಜಾ ಒಂದು ಚೂರು ತಿಂದು, "ಚಲೋ ಐತ್ರಿ," ಎಂದು ಬಚ್ಚಲಿಗೆ ಹೋದಳು. ರೇಷನ್ನಿನ ಸಕ್ಕರೆ ಇನ್ನೊಂದು ಸಲಕ್ಕಾಗುವಷ್ಟೇ ಉಳಿದಿತ್ತು.

ಭಾನುವಾರ ಸಂಜೆ ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿ, ಕಟ್ಟು ಬಸಿದು ಒಂದು ಗಡಿಗೆಯಲ್ಲಿಟ್ಟೆ. ನಮ್ಮ ಕಡೆ ಹೋಳಿಗೆಯೆಂದರೆ ಜೊತೆಗೆ ಆ ಬೇಳೆ ಬೆಂದ ನೀರಿನ ಸಾರು ಇರಲೇಬೇಕು. ಪಕ್ಕದ ಗಡಿಗೆಯಲ್ಲಿ ಬೆಣ್ಣೆ ತೆಗೆಯಲು ಮೊಸರಿತ್ತು. ಎರಡೂ ಒಂದೇ ಕುಂಬಾರನ ಕೈಯವು, ಎರಡಕ್ಕೂ ಒಂದೇ ನಮೂನೆಯ ಮುಚ್ಚಳ. ಸೋಮವಾರ ನಸುಕಿನ ಮಬ್ಬಿನಲ್ಲಿ ನಾನು ಕಡಗೋಲನ್ನು ಗಡಿಗೆಗೆ ಇಳಿಸಿ, ಕಣ್ಣು ಮುಚ್ಚಿ ಶಿವನಾಮ ಹೇಳುತ್ತ ಹಗ್ಗ ಎಳೆಯತೊಡಗಿದೆ. ನಾನು ಕಡೆಯುವಾಗ ಕಣ್ಣು ತೆರೆಯುವುದಿಲ್ಲ. ಅದೊಂದೇ ಹೊತ್ತು ನನಗೆ ಜಪಕ್ಕೆ ಸಿಗುವುದು. ನೂರೆಂಟು ಸಲ ಮುಗಿದಿರಬೇಕು.

"ಅತ್ತೀ, ಮೊಸರ ಯಾಕ ಹಿಂಗ ಏರಾಕತ್ತೈತಿ?" ಎಂದಳು ಹೊರಸಿನ ಮೇಲೆ ಮಲಗಿದ್ದ ಗಿರಿಜಾ.

ಕಣ್ಣು ತೆರೆದೆ. ಗಡಿಗೆಯ ಕಂಠದವರೆಗೆ ಬಿಳಿ ನೊರೆ. ಹಾಲಿನ ಉಕ್ಕಿನಂತೆ ಒಡೆಯುವ ನೊರೆಯಲ್ಲ. ಹಿಂಜಿದ ಹತ್ತಿಯಂತೆ ದಟ್ಟವಾಗಿ, ಹೊಳೆಯುತ್ತ, ಕಡಗೋಲು ನಿಂತರೂ ಇಳಿಯದೆ ನಿಂತಿತ್ತು. ಬೆರಳದ್ದಿ ನೆಕ್ಕಿ ನೋಡಿದೆ. ಮೊಸರಲ್ಲ, ಬೇಳೆಯ ಕಟ್ಟು. ಇಷ್ಟು ವರ್ಷ ಈ ನೀರನ್ನು ಕುದಿಸಿ, ಒಗ್ಗರಣೆ ಹಾಕಿ ಸುರಿದುಕೊಂಡು ಉಂಡಿದ್ದೆ. ಅದರೊಳಗೆ ಇಂಥದ್ದೊಂದು ಮೋಡ ಮಲಗಿದೆಯೆಂದು ನನಗಿರಲಿ, ನನ್ನ ಅತ್ತೆಗಾಗಲಿ ಅವರ ಅತ್ತೆಗಾಗಲಿ ಗೊತ್ತಿರಲಿಲ್ಲ. ಹಗ್ಗ ಹಿಡಿದ ಕೈಯನ್ನೇ ಜೋಡಿಸಿ ಮುಗಿದೆ.

"ಕೈ ಆಮ್ಯಾಲ ಮುಗೀರಿ ಅತ್ತೀ, ಮೊದಲ ಪಾಕ ಹಾಕ್ರಿ," ಎಂದು ಗಿರಿಜಾ ತಾನೇ ಎದ್ದು ಬಂದು ಹಗ್ಗ ಹಿಡಿದಳು. ಅವಳು ತಾನಾಗಿ ಎದ್ದು ಒಂದು ಕೆಲಸಕ್ಕೆ ಬಂದು ತಿಂಗಳಾಗಿತ್ತು. ಉಳಿದ ಸಕ್ಕರೆಯಲ್ಲಿ ಚೈನಾ ಗ್ರಾಸ್ ಕರಗಿಸಿ ಪಾಕ ಮಾಡಿ, ಅದನ್ನು ಬಿಸಿಯಾಗಿಯೇ ನಾನು ಎಳೆಯಾಗಿ ಸುರಿದೆ, ಅವಳು ಕಡೆದಳು. ನೊರೆ ಮತ್ತಷ್ಟು ಬಿಗಿಯಾಯಿತು. ಮೂರು ಪಾಲು ಮಾಡಿ, ಒಂದಕ್ಕೆ ಗುಲಾಬಿ ನೀರು, ಒಂದಕ್ಕೆ ಏಲಕ್ಕಿ, ಒಂದಕ್ಕೆ ತವರಿನಿಂದ ಬಂದಿದ್ದ ಲಿಂಬೆಹಣ್ಣಿನ ರಸ ಸೇರಿಸಿ, ಹುರಿದ ಅಕ್ಕಿಹಿಟ್ಟು ಉದುರಿಸಿದ ತಾಟುಗಳಲ್ಲಿ ಹರವಿದೆವು. ನೀಲವ್ವನ ಬಂಡಿಗಳು ಬರುವ ಹೊತ್ತಿಗೆ ಅದು ಕೊಯ್ಯಲು ಬರುವಷ್ಟು ಗಟ್ಟಿಯಾಗಿತ್ತು.

ಉಡಿ ತುಂಬಿ ಆರತಿಯಾದ ಮೇಲೆ ತಾಟು ತಂದಿಟ್ಟೆ. ನೀಲವ್ವ ಅಷ್ಟು ಹೊತ್ತಿಗೆ ಮಗಳ ಬಳೆಗಳನ್ನು ನೋಡಿ ಆಗಿತ್ತು. ಮಾತು ಬಿಗಿಯಾಗಿಯೇ ಬಂತು. "ಏನ್ರಿ ಬೀಗತಿ, ಗಾದಿ ಬಿಚ್ಚಿ ಹತ್ತಿ ಬಡಿಸಾಕತ್ತೀರೇನು?"

ಗಿರಿಜಾ ಲಿಂಬೆಯದೊಂದು ತುಂಡು ತಿಂದಳು. ಇನ್ನೊಂದು ತಿಂದಳು. ಮೂರನೆಯದು, ನಾಲ್ಕನೆಯದು. ನಾನು ಬಚ್ಚಲ ಬಾಗಿಲನ್ನೇ ನೋಡುತ್ತಿದ್ದೆ. ಅವಳು ಬೆರಳು ಚೀಪಿ, ತಾಯಿಯ ಕಡೆ ತಿರುಗಿ, "ಅವ್ವಾ, ಹಸಿವಿ ಆಗಾಕತ್ತೈತಿ. ಹೋಳಿಗಿ ಹಾಕ," ಎಂದಳು.

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಎರಡೂ ಕೈ ಹಿಡಿದಳು. "ಇದನ್ನ ಹೆಂಗ ಮಾಡಿದ್ರಿ, ಅಕ್ಕಾರ?"

ಉಪ್ಪಿನಕಾಯಿ ಕೆಡದಿದ್ದರೂ ಶಿವನ ಕೃಪೆ ಎನ್ನುವವಳು ನಾನು. ಅಂದು ಬಾಯಿಗೆ ಏನು ಬಂತೋ, ಕುತ್ತಿಗೆ ನೆಟ್ಟಗೆ ಮಾಡಿ, "ಬಾಳ ತಲಿ ಓಡಿಸಿ ಮಾಡೇನ್ರಿ, ನಾನ," ಎಂದೆ.

ಹೋಳಿಗೆ ಬಡಿಸಿದೆವು, ಮೇಲೆ ತುಪ್ಪ, ಪಕ್ಕದಲ್ಲಿ ಅನ್ನ. ಇಪ್ಪತ್ತು ಜನ ಅನ್ನದಲ್ಲಿ ಗುಳಿ ಮಾಡಿಕೊಂಡು ಕೈ ತಡೆದು ಕೂತರು. ನೀಲವ್ವನೇ ಕೇಳಿದಳು: "ಸಾರು ಎಲ್ಲೈತ್ರಿ ಬೀಗತಿ?"

ನಾನು ದೇವರ ಜಗಲಿಯ ಕಡೆ ಒಮ್ಮೆ ನೋಡಿದೆ. ನನ್ನ ಜಂಬಕ್ಕೆ ಶಿವನ ಉತ್ತರ ಇಷ್ಟು ಬೇಗ ಬರುತ್ತದೆಂದು ಎಣಿಸಿರಲಿಲ್ಲ. "ಸಾರು ಆಗಲೇ ತಿಂದ್ರಲ್ರಿ," ಎಂದು ಹೇಳಿ, ಅವರು ನಗುವುದಕ್ಕೆ ಮೊದಲೇ ಒಳಗೆ ಹೋಗಿ, ಇನ್ನೊಂದು ಸೇರು ಕಡಲೆಬೇಳೆ ತೊಳೆದು ಒಲೆಯ ಮೇಲಿಟ್ಟೆ.