ಖಾಯಂ ಸಂಪರ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿಗಳ ಸಮಸ್ತ ಪ್ರಜೆಗಳ ಮಾಹಿತಿ ತುಂಬಿದ ದತ್ತಸಂಚಯ ೨೦೦೯ರಲ್ಲಿ ಕೊಟ್ಟೂರಿನ ನಮ್ಮ ಗಣಕ ಕಚೇರಿಯ ಹಿಂದಿನ ಕೋಣೆಯಲ್ಲಿ ಸುರಕ್ಷಿತವಾಗಿತ್ತು. ಅದರಿಂದ ಮಾಹಿತಿ ಕೇಳಿ ಪಡೆಯಬೇಕಾದ ತಂತ್ರಾಂಶ ಮುಂದಿನ ಕೋಣೆಯಲ್ಲಿ ಅಷ್ಟೇ ಸುರಕ್ಷಿತವಾಗಿತ್ತು.

“ಮಾರ್ಚ್ ಒಳಗಾಗಿ ತಂತ್ರಾಂಶಕ್ಕೂ ದತ್ತಸಂಚಯಕ್ಕೂ ಸಂಪರ್ಕ ಕಲ್ಪಿಸತಕ್ಕದ್ದು” ಎಂದು ಆದೇಶ ಬಂತು. ಆದೇಶದಲ್ಲಿ ಕೇಬಲ್ ಎಂಬ ಪದ ಇರಲಿಲ್ಲ. ಇಲ್ಲದ ಪದಕ್ಕೆ ಸರ್ಕಾರದ ಹಣ ಸುರಿಯುವಂಥವರಲ್ಲ ನಮ್ಮ ಅಧೀಕ್ಷಕ ಗುರುಸಂಗಪ್ಪನವರು. ದಿನಗೂಲಿ ಜವಾನ ಓಬಳೇಶನನ್ನು ಕರೆದರು.

“ಇವತ್ತಿಂದ ನೀನ ಸಂಪರ್ಕಲೇ.”

“ಖಾಯಂ ಏನ್ರಿ ಸಾಹೇಬ್ರ?”

“ಮೊದಲ ಓಡು. ಆಮ್ಯಾಗ ನೋಡೂಣು.”

ಓಬಳೇಶನ ಜೀವವೆಲ್ಲ ಗೀತಮ್ಮನ ಮೇಲಿತ್ತು. ಖಾಯಂ ನೌಕರಿ ಇಲ್ಲದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅವಳ ಅಪ್ಪ ಸುಂಕಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಪಾಪ, ಹುಡುಗ ಎರಡು ಕೋಣೆಗಳ ನಡುವೆ ಓಡತೊಡಗಿದ.

ಈ ದತ್ತಸಂಚಯಕ್ಕೆ ಕಾಲಂಗಳಿರಲಿಲ್ಲ. ಒಬ್ಬರಿಗೆ ಒಂದು ದಾಖಲೆ, ಅದರೊಳಗೆ ಯಾರು ಏನು ಬರೆಸಿದರೂ ಊರ್ಜಿತ. ಹೀಗಾಗಿ ತೆಲಿಗಿಯ ಅಜ್ಜಯ್ಯ ಆದಾಯ ಪ್ರಮಾಣಪತ್ರಕ್ಕೆ ಬಂದಾಗ ಓಬಳೇಶ ಹಿಂದಕ್ಕೆ ಓಡಿ, ದಾಖಲೆ ಓದಿಕೊಂಡು, ಮುಂದಕ್ಕೆ ಓಡಿ ಬಂದು ನಿಯಮಾನುಸಾರ ಪೂರ್ತಿ ಒಪ್ಪಿಸಿದ:

“ಆದಾಯ ಹನ್ನೊಂದು ಸಾವಿರ. ಎಮ್ಮಿ ಎರಡು, ಒಂದು ಒದೀತೈತಿ. ಬೀಗರ ಕೂಡ ಮಾತು ಬಿಟ್ಟಾನ. ಗೊರಕಿ ಭಾಳ.”

“ಗೊರಕಿ ಸುದ್ದಿ ಯಾರು ಬರಸಿದ್ರಿ?” ಅಜ್ಜಯ್ಯ ಕೂಗಿದ.

“ನಿಮ್ಮ ಮನಿಯವ್ರು. ತಿದ್ದುಪಡಿಗೆ ಅರ್ಜಿ ಕೊಡ್ರಿ.”

ಕೆಲಸವಿಲ್ಲದವರೂ ಕೇಳಲು ಬರತೊಡಗಿದರು. ಸಾರ್ವಜನಿಕ ಹಿತದೃಷ್ಟಿಯಿಂದ ಅಧೀಕ್ಷಕರ ಭಾಮೈದನ ಮಿರ್ಚಿ ಅಂಗಡಿ ಕಚೇರಿಯ ವರಾಂಡದಲ್ಲೇ ತೆರೆಯಿತು.

ಅಷ್ಟರಲ್ಲಿ ಜಿಲ್ಲೆಯಿಂದ ಎಂಜಿನಿಯರ್ ಪ್ರವೀಣಕುಮಾರ್ ಬಂದು, ಚೀಲದಿಂದ ನೀಲಿ ಕೇಬಲ್ ತೆಗೆದು, ಕಿಟಕಿಯಲ್ಲಿ ತೂರಿಸಿ ಎರಡೂ ಯಂತ್ರಗಳಿಗೆ ಸಿಕ್ಕಿಸಿಬಿಟ್ಟ. ಉತ್ತರಗಳು ಸದ್ದಿಲ್ಲದೆ ಬಂದವು. ಜನ ಎದ್ದು ಹೊರಟರು, ಬಾಣಲೆ ಆರಿತು. ಅಳಿಯನಾಗುವವನನ್ನು ಪರೀಕ್ಷಿಸಲು ಬೆಂಚಿನ ಮೇಲೆ ಕೂತಿದ್ದ ಸುಂಕಪ್ಪನೂ ಟವೆಲ್ ಕೊಡವಿ ಎದ್ದ. ಓಬಳೇಶನ ಮುಖ ನೋಡಲಾಗುತ್ತಿರಲಿಲ್ಲ.

ಗುರುಸಂಗಪ್ಪನವರು ಆರಿದ ಬಾಣಲೆಯನ್ನು ನೋಡಿ ಕೇಳಿದರು: “ಈ ವೈರು ಉದ್ಯೋಗ ವಿನಿಮಯ ಕಚೇರಿ ಮೂಲಕ ಬಂದೈತೇನ್ರಿ?”

“ಇಲ್ರಿ, ಅಂಗಡ್ಯಾಗ ತಂದೀನಿ.”

“ಅಂದ್ರ ಹಿಂಬಾಗಿಲ ನೇಮಕಾತಿ! ವೈದ್ಯಕೀಯ ಪ್ರಮಾಣಪತ್ರ? ನಡತಿ ಪ್ರಮಾಣಪತ್ರ?”

ವೈರು ಸಮಾಧಾನಕರ ಉತ್ತರ ನೀಡಲಿಲ್ಲ. ಓಬಳೇಶನ ನಿವೃತ್ತಿಯ ನಂತರ ಪರಿಗಣಿಸುವ ಷರತ್ತಿನ ಮೇಲೆ ಅದನ್ನು ಕಪಾಟಿಗೆ ಸೇರಿಸಲಾಯಿತು. ಇನ್ನಾವ ವೈರೂ ನುಗ್ಗದಂತೆ ಓಬಳೇಶನನ್ನು ಅಂದೇ ಖಾಯಂಗೊಳಿಸಲಾಯಿತು. ಪ್ರವೀಣಕುಮಾರ್ ಮಿರ್ಚಿ ತಿಂದು ಸಾಕ್ಷಿ ಸಹಿ ಹಾಕಿದ.

ಮುಂದಿನ ವಾರ ಕಚೇರಿಯ ಬಾಗಿಲಲ್ಲಿ ಪ್ರಕಟಣೆ: “ಸಂಪರ್ಕವು ಮದುವೆ ನಿಮಿತ್ತ ರಜೆಯಲ್ಲಿದೆ. ಸಾರ್ವಜನಿಕರು ಕುಟುಂಬ ಸಮೇತ ಸಹಕರಿಸತಕ್ಕದ್ದು.” ಐದೂ ಊರಿನವರು ಸಹಕರಿಸಿದರು.

ಮಂಟಪದಲ್ಲಿ ಅಯ್ಯನವರು ಹುಡುಗಿಯ ಹೆಸರು ಕೇಳಿದ್ದೇ ತಡ, ಓಬಳೇಶ ರೂಢಿಯಂತೆ ಬಾಸಿಂಗ ಸಮೇತ ಕಚೇರಿಗೆ ಓಡಿ, ಏದುಸಿರು ಬಿಡುತ್ತ ಮರಳಿ ಒಪ್ಪಿಸಿದ:

“ಗೀತಮ್ಮ. ತಂದಿ ಸುಂಕಪ್ಪ. ಅಡಗಿ ಬರಂಗಿಲ್ಲ. ಮೂರು ವರ್ಷದಿಂದ ಓಬಳೇಶಗ ಕಾಯಾಕತ್ಯಾಳ. ಅಪ್ಪಗ ಗೊತ್ತಿಲ್ಲ.”

“ಯಾರಲೇ ಇದನ್ನ ಬರಸಿದವ್ರು?” ಸುಂಕಪ್ಪ ಗುಡುಗಿದ.

ಗೀತಮ್ಮ ತಗ್ಗಿಸಿದ ತಲೆ ಎತ್ತಲಿಲ್ಲ. “ನಾನ ಅಪ್ಪ. ತಿದ್ದುಪಡಿ ಬ್ಯಾಡ.”

ಯಾರೂ ಅರ್ಜಿ ಕೊಡಲಿಲ್ಲ. ಅಕ್ಷತೆ ಬಿತ್ತು.