ಹುಳದ ಮನೆಗೆ ಮಸಾಜು ಬಂದದ್ದು

ನಮ್ಮ ಸೋದರತ್ತೆಗೆ ಜ್ವರ ಬಂದರೆ ಒಂದು ಲೋಟ ಮೆಣಸಿನ ಕಷಾಯ, ಅಲ್ಲಿಗೆ ಮುಗಿಯಿತು. ಅವರ ರೇಷ್ಮೆ ಹುಳಕ್ಕೆ ಜ್ವರ ಬಂತೆಂದರೆ ಮಾತ್ರ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ! ಹುಳಕ್ಕೆಂಥ ಜ್ವರ ಅಂತೀರಾ? ಅದು ರೇಷ್ಮೆ ಸಾಕುವವರ ಮಾತು. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು, ಹಳೆಯ ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ಇಂಥ ನಾಲ್ಕು ಜ್ವರ ಆಗಬೇಕು. ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಮದುವೆಯಾಗಿ ಬಂದ ವರ್ಷದಿಂದ ನಮ್ಮತ್ತೆ ಈ ಜ್ವರಗಳಿಗೆಲ್ಲ ನರ್ಸು, ಡಾಕ್ಟರು, ಕಾವಲುಗಾರ್ತಿ ಎಲ್ಲವೂ ಆಗಿದ್ದಾರೆ.

ಹುಳದ ಮನೆ ವಾಸದ ಮನೆಗೇ ಅಂಟಿಕೊಂಡಿದೆ. ಅಲ್ಲಿ ಒಂದರ ಮೇಲೊಂದು ಐದು ಅಂತಸ್ತಿನ ತಟ್ಟೆಗಳು. ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆ ಜೋರಾಗಿ ಹಾಕುವಂತಿಲ್ಲ, ಸೆಂಟು ಹಾಕಿಕೊಂಡು ಬಂದ ನೆಂಟರನ್ನು ಅತ್ತೆ ಅಂಗಳದಿಂದಲೇ ಮಾತಾಡಿಸಿ ಕಳಿಸುತ್ತಾರೆ. ವಾಸನೆ ಹುಳಕ್ಕೆ ಆಗುವುದಿಲ್ಲವಂತೆ. ನನ್ನ ಗಂಡ ಮದುವೆಯಾದ ಹೊಸತರಲ್ಲಿ ಘಮಘಮ ಅನ್ನುತ್ತಾ ಅಲ್ಲಿಗೆ ಹೋಗಿ ಹಲಸಿನ ಮರದ ಕೆಳಗೆ ಕೂತು ಹಬ್ಬದೂಟ ಮಾಡಿದ್ದರು. ಅಳಿಯ ಅಂತ ಗೌರವವಾಗಿ ಒಂದು ಕುರ್ಚಿ ಕೊಟ್ಟಿದ್ದರು, ಅಷ್ಟೆ.

ಇಂಥ ಅತ್ತೆಯ ಮನೆಗೆ ನಾನು ಎಣ್ಣೆ ಮಸಾಜಿನವಳನ್ನು ಕಳಿಸಿದೆ. ನನ್ನ ಬುದ್ಧಿಗೆ ಏನನ್ನಬೇಕು?

ಆದದ್ದಿಷ್ಟು. ನಾನು ರಾಮನಗರದಲ್ಲಿ ಹೈಸ್ಕೂಲು ಟೀಚರು. ಒಂದು ದಿನ ಮಧ್ಯಾಹ್ನ ಮಾವ ಫೋನು ಮಾಡಿದರು. ಮಾವ ಫೋನು ಮಾಡುವವರೇ ಅಲ್ಲ. ಅವರು ವರ್ಷಕ್ಕೆ ಆಡುವ ಮಾತನ್ನೆಲ್ಲ ಸೇರಿಸಿದರೂ ಅತ್ತೆಯ ಒಂದು ಬೆಳಗಿಗೆ ಸಾಲುವುದಿಲ್ಲ.

“ಮಗಾ, ನಿಮ್ಮತ್ತೆ ಮೇಲಿನ ತಟ್ಟೆ ಖಾಲಿ ಬುಟ್ಟವ್ಳೆ.”

“ಯಾಕೆ ಮಾವ?”

“ಕೇಳಿದ್ರೆ ಮೇಲ್ಗಡೆ ಸೆಕೆ ಅಂತಾಳೆ. ಸೆಕೆ ಅಲ್ಲ, ಬಲಗೈ ಮೇಲಕ್ ಏಳ್ತಿಲ್ಲ. ಜಡೆ ಹಾಕ್ಕಳಕ್ಕೂ ಆಯ್ತಿಲ್ಲ. ಈ ಬೆಳೆ ಮುಗುದ್ಮೇಲೂ ಕೈ ಹಿಂಗೇ ಇದ್ರೆ ಹುಳದ ಮನೆಗೆ ಬೀಗ ಹಾಕ್ಬುಡದೆಯಾ.” ಫೋನು ಇಡುವ ಮೊದಲು ಅವರೇ ಸೇರಿಸಿದರು, “ಬೀಗ ಹಾಕುದ್ರೆ ಅವ್ಳು ಒಂದ್ ತಿಂಗ್ಳೂ ಉಳಿಯಕ್ಕಿಲ್ಲ.”

ನನಗೆ ಗಾಬರಿಯಾಯಿತು. ಮಾಗಡಿಯ ಡಾಕ್ಟರಿಗೆ ತೋರಿಸಿದೆವು. ಭುಜ ಹಿಡಿದುಕೊಂಡಿದೆ, ವ್ಯಾಯಾಮ ಮಾಡಬೇಕು, ತಿಳಿದವರಿಂದ ಮಸಾಜು ಮಾಡಿಸಬೇಕು ಅಂದರು. ಚನ್ನಪಟ್ಟಣದಲ್ಲಿ ಮನೆಗೇ ಬಂದು ಚಿಕಿತ್ಸೆಯ ಮಸಾಜು ಮಾಡುವ ಹುಡುಗಿಯೊಬ್ಬಳಿದ್ದಳು. ವಾರಕ್ಕೊಂದು ಸಲ ಬರಲು ಒಪ್ಪಿದಳು. ಮೊದಲು ವಾಟ್ಸಾಪಿನಲ್ಲಿ ಉದ್ದದ ಸಂದೇಶ ಕಳಿಸಿದಳು: ಮಸಾಜಿನ ದಿನ ಏನೇನು ಇರುತ್ತದೆ, ನೀವೇನು ಮಾಡಬೇಕು. ಗದ್ದಲವಿಲ್ಲದ ಕೋಣೆ ಇರಲಿ. ಸಡಿಲವಾದ ಬಟ್ಟೆ ಹಾಕಿರಿ. ಹೊಟ್ಟೆ ತುಂಬ ಊಟ ಬೇಡ. ನೋವನ್ನು ಸಂಕೋಚವಿಲ್ಲದೆ ತಿಳಿಸಿ. ನಾನು ಅದನ್ನು ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಅತ್ತೆ ಹೂಂಗುಟ್ಟಿದರು. ಅತ್ತೆ ಹೂಂಗುಟ್ಟಿದರೆ ಅದರರ್ಥ ಕೇಳಿಸಿಕೊಂಡಿಲ್ಲ ಅಂತ.

ಮೊದಲ ವಾರ ನಾನೂ ಹೋದೆ. ಹುಡುಗಿ ಸ್ಕೂಟರಿನ ಹಿಂದೆ ಮಡಿಸುವ ಮಂಚ ಕಟ್ಟಿಕೊಂಡು, ಬ್ಯಾಗಿನಲ್ಲಿ ನೀಲಗಿರಿ ಎಣ್ಣೆ ಇಟ್ಟುಕೊಂಡು ಬಂದಳು. ಅಂಗಳಕ್ಕೆ ಕಾಲಿಡುವ ಮೊದಲೇ ಅತ್ತೆಯ ಮೂಗಿಗೆ ವಾಸನೆ ಬಡಿಯಿತು.

“ಅಲ್ಲೇ ನಿಂತ್ಕೊಳವ್ವ! ಹುಳ ನಾಕ್ನೇ ಜ್ವರಕ್ಕೆ ಕುಂತವೆ!”

ಹುಡುಗಿ ಹೌಹಾರಿದಳು. “ಅಜ್ಜಿ, ಯಾರಿಗೆ ಜ್ವರ? ಜ್ವರ ಇದ್ದರೆ ಮಸಾಜು ಮಾಡೋ ಹಾಗಿಲ್ಲ.”

“ಅಜ್ಜಿ ಯಾರೇ? ನಾನಿನ್ನೂ ಅರವತ್ತೆಂಟು!”

ಕೊನೆಗೆ ಮಸಾಜಿನ ಜಾಗ ದನದ ಕೊಟ್ಟಿಗೆ ಎಂದು ತೀರ್ಮಾನವಾಯಿತು. ಹುಳದ ಮನೆಗೆ ಅದೇ ದೂರ. ಹುಡುಗಿ ಮಂಚ ಬಿಡಿಸಿಟ್ಟು, ಅತ್ತೆಯ ಅಪ್ಪಣೆಯಂತೆ ಬಚ್ಚಲಿಗೆ ಹೋಗಿ ಸೋಪಿನಲ್ಲಿ ಎರಡು ಸಲ ಕೈಕಾಲು ತೊಳೆದಳು, ಸೋಂಕು ಬರದಿರಲೆಂದು ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದಳು. ವಾಪಸ್ಸು ಬಂದು ನೋಡಿದರೆ ಮಂಚದ ತುಂಬಾ ಹಸಿರು! ಅತ್ತೆ ಅದರ ಮೇಲೆ ರೇಷ್ಮೆ ಸೊಪ್ಪು ಹರಡಿಬಿಟ್ಟಿದ್ದರು.

“ಎಷ್ಟ್ ಚೆನ್ನಾಗೈತೆ ಕಣವ್ವ! ಗಾಳಿ ಆಡ್ತದೆ, ಸೊಪ್ಪು ಬಿಸಿ ಆಗಕ್ಕಿಲ್ಲ. ಎಲ್ಲಿ ಸಿಕ್ತು?”

“ಅದರ ಮೇಲೆ ನೀವು ಮಲಗಬೇಕಮ್ಮ.”

“ನಾನಾ? ಹಗಲೊತ್ತಲ್ಲಿ? ಮನೆಗ್ ಬಂದೋರು ನಿಂತಿರ್ಬೇಕಾದ್ರೆ ಹೆಣ ಮಾತ್ರ ಮಲಗಿರದು ಕಣವ್ವ!”

ಅತ್ತೆಯೇ ದಾರಿ ತೋರಿಸಿದರು. “ಮೊದ್ಲು ಇವ್ಳಿಗ್ ಮಾಡಿ ತೋರ್ಸು, ನೋಡನ” ಅಂತ ನನ್ನನ್ನು ಮುಂದೆ ತಳ್ಳಿದರು. ಆ ದಿನ ಒಂದು ಗಂಟೆ ಮಸಾಜು ಮಾಡಿಸಿಕೊಂಡವಳು ನಾನು. ಪಕ್ಕದಲ್ಲಿ ಹಸು ಮೆಲುಕು ಹಾಕುತ್ತಿತ್ತು. ಅತ್ತೆ ಬಾಗಿಲಲ್ಲಿ ಕೂತು ಕಾಮೆಂಟರಿ ಕೊಡುತ್ತಿದ್ದರು: “ಅಲ್ಲಿ ಒಸಿ ಒತ್ತು, ಕುರ್ಚಿ ಮೇಲ್ ಕುಂತು ಕುಂತು ಕೊಬ್ಬು ಕಟ್ಟೈತೆ.”

ಎರಡನೆಯ ವಾರವೂ ನಾನು ಹೋದೆ. ಹುಳ ಹಣ್ಣಾಗಿದ್ದವು. ಗೂಡು ಕಟ್ಟಲೆಂದು ಅವನ್ನು ಆರಿಸಿ ಬಿದಿರಿನ ಚಂದ್ರಿಕೆಗಳಿಗೆ ಬಿಡುವ ಕೆಲಸ. ನಿಂತಲ್ಲಿ ನಿಲ್ಲಲು ಪುರುಸೊತ್ತಿಲ್ಲ. ಹುಡುಗಿ ಹನ್ನೊಂದಕ್ಕೇ ಬಂದಳು. ಕೆಲಸದ ದಿನ ಮನೆಗೆ ಬಂದವರನ್ನು ಖಾಲಿ ಕೂರಿಸುವುದು ಅತ್ತೆಯ ಜಾಯಮಾನವಲ್ಲ. ಸೋಪಿನಲ್ಲಿ ಕೈ ತೊಳೆಸಿ ಅವಳಿಗೂ ಹುಳ ಆರಿಸುವ ಕೆಲಸ ಕೊಟ್ಟರು. ಅತ್ತೆ ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯಲ್ಲಿ, “ಹುಡ್ಗಿ ಕೈ ಮೆತ್ತಗೈತೆ, ಒಂದ್ ಹುಳಾನೂ ಮಿಸುಕ್ಲಿಲ್ಲ” ಅಂದರು. ನಮ್ಮತ್ತೆಯ ಬಾಯಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ನನ್ನ ಬಿ.ಎಡ್. ಮುಗಿದಾಗ ಸಹ ಇಷ್ಟು ಹೊಗಳಿರಲಿಲ್ಲ!

ಕೆಲಸ ಮುಗಿದ ಮೇಲೆ ಊಟ. ಹೊಟ್ಟೆ ತುಂಬ ಊಟ ಬೇಡ ಎಂಬ ನಿಯಮವನ್ನು ಅತ್ತೆ ಪಾಲಿಸಿದರು, ತಾವು ಉಣ್ಣಲಿಲ್ಲ. ಬಂದ ಹುಡುಗಿಗೆ ಮಾತ್ರ ಎರಡು ಮುದ್ದೆ, ನಾಟಿಕೋಳಿ ಸಾರು, ಮೇಲೆ ಅನ್ನ, ಮಜ್ಜಿಗೆ. “ಇನ್ನೊಸಿ ಉಣ್ಣವ್ವ, ಒತ್ತಕ್ಕೆ ಶಕ್ತಿ ಬೇಡ್ವಾ?” ಉಂಡೆದ್ದ ಹುಡುಗಿ ಕೊಟ್ಟಿಗೆಗೆ ಹೋಗಿ ಮಂಚ ಬಿಡಿಸಿದಳು, ಗಟ್ಟಿ ಇದೆಯಾ ಎಂದು ನೋಡಲು ಅದರ ಮೇಲೆ ಕೂತಳು, ಕೂತವಳು ಹಾಗೇ ಒರಗಿದಳು. ಎದ್ದಾಗ ನಾಲ್ಕೂವರೆ. ಎರಡು ವಾರ ಕಳೆದರೂ ಅತ್ತೆಯ ಭುಜಕ್ಕೆ ಒಂದು ಹನಿ ಎಣ್ಣೆ ಬಿದ್ದಿರಲಿಲ್ಲ!

ಮೂರನೆಯ ವಾರ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿಯಾಗಿತ್ತು. ಹುಳದ ಮನೆ ತೊಳೆದು, ಸುಣ್ಣ ಹೊಡೆದು, ಖಾಲಿ ನಿಂತಿತ್ತು. ಮುಂದಿನ ಬೆಳೆಗೆ ಮರಿಹುಳ ಬೇಕೋ ಬೇಡವೋ ಎಂದು ಮರಿ ಮಾರುವವರಿಗೆ ಆ ವಾರದಲ್ಲೇ ಹೇಳಬೇಕು. ಮಾವ ತಂದ ಹೊಸ ಬೀಗವೊಂದು ಗೂಟದಲ್ಲಿ ನೇತಾಡುತ್ತಿತ್ತು. ಅತ್ತೆ ಅದರ ಕಡೆ ನೋಡದೆ ಓಡಾಡುತ್ತಿದ್ದರು.

ಈಗ ಎಣ್ಣೆ ವಾಸನೆಯ ನೆವ ಇರಲಿಲ್ಲ. ಜ್ವರವಿಲ್ಲ, ಹುಳವಿಲ್ಲ. ಅತ್ತೆ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ಮಲಗುವುದಿಲ್ಲ, ಕೂತೇ ಮಾಡಿಸಿಕೊಳ್ಳುತ್ತೇನೆ ಎಂಬಲ್ಲಿಗೆ ರಾಜಿಯಾಯಿತು. ಹುಡುಗಿ ಹಿಂದೆ ಮೊಣಕಾಲೂರಿ ಕೂತು ಕೇಳಿದಳು.

“ಅಮ್ಮ, ನೋವು ಎಷ್ಟಿದೆ ಹೇಳಿ. ಒಂದು ಅಂದ್ರೆ ಕಮ್ಮಿ, ಹತ್ತು ಅಂದ್ರೆ ತಡಕೊಳ್ಳೋಕೆ ಆಗಲ್ಲ.”

ಜನ್ಮವೆಲ್ಲ ಗೂಡಿನ ವ್ಯಾಪಾರ ಮಾಡಿದವರು ಮೊದಲು ಬಾಯಿ ಬಿಡುತ್ತಾರಾ? “ನೀನೇ ಹೇಳು ಮೊದ್ಲು.”

“ನಾನು ಹೇಗೆ ಹೇಳಲಿ? ಕೈ ನೋಡಿದ್ರೆ... ಎಂಟು?”

“ಎಂಟಾ! ಮೂರು.”

“ಮೂರಾಗಿದ್ರೆ ಕೈ ಮೇಲೇಳಬೇಕಿತ್ತಮ್ಮ. ಏಳು?”

“ನಾಕು.”

“ಆರು?”

“ನಾಕೂವರೆ. ಅದ್ರ ಮೇಲೆ ಕೇಳ್ಬ್ಯಾಡ.”

ನೋವು ನಾಲ್ಕೂವರೆಗೆ ಇತ್ಯರ್ಥವಾಯಿತು. ಹುಡುಗಿ ಗಂಭೀರವಾಗಿ ಅದನ್ನು ಬರೆದುಕೊಂಡಳು. ಆಮೇಲೆ ಫೋನಿನಲ್ಲಿ ಕೊಳಲು ಹಾಕಿದಳು. “ಅದ್ಯಾರವ್ವ ಅಳ್ತಿರದು, ಆರ್ಸು” ಅಂದರು ಅತ್ತೆ. ಆರಿಸಿದಳು.

ಎಣ್ಣೆ ಬೆಚ್ಚಗೆ ಮಾಡಿ ಭುಜಕ್ಕೆ ಕೈ ಹಚ್ಚಿದಳು. ಅತ್ತೆ ಮೊದಲು ಬಾಯಿ ಮುಚ್ಚಲಿಲ್ಲ. ಅವಳಿಗೆ ಮದುವೆಯಾಗಿದೆಯಾ, ಗಂಡ ಏನು ಮಾಡುತ್ತಾನೆ, ಅತ್ತೆ ಒಳ್ಳೆಯವಳಾ, ಸ್ಕೂಟರು ಎಷ್ಟು ಕೊಡುತ್ತದೆ. ಹುಡುಗಿ ಎಲ್ಲಕ್ಕೂ ಉತ್ತರ ಹೇಳುತ್ತಾ ಬೆನ್ನಿನ ಮೂಳೆಯ ಪಕ್ಕದಿಂದ ನಿಧಾನಕ್ಕೆ ಮೇಲೆ ಬಂದಳು, ಒಂದು ಕಡೆ ಹೆಬ್ಬೆರಳು ಊರಿ ಹಿಡಿದಳು. ಅತ್ತೆ ಮಾತಿನ ನಡುವೆಯೇ ಸುಮ್ಮನಾದರು. ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ನನಗೆ ಬುದ್ಧಿ ಬಂದಾಗಿನಿಂದ ಅತ್ತೆ ಎಚ್ಚರವಿದ್ದೂ ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಮುಕ್ಕಾಲು ಗಂಟೆ ಹಾಗೇ ಕಳೆಯಿತು. ಹುಡುಗಿ ಕೈ ಎತ್ತಿಸಿ ನೋಡಿದಳು. ಎದೆಯ ಮಟ್ಟಕ್ಕೆ ನಿಲ್ಲುತ್ತಿದ್ದದ್ದು ಕೆನ್ನೆಯವರೆಗೆ ಬಂತು. ಹುಳದ ತಟ್ಟೆಯ ಲೆಕ್ಕದಲ್ಲಿ ಮೂರನೆಯ ಅಂತಸ್ತು; ನಾಲ್ಕನೆಯದನ್ನು ಇಷ್ಟು ದಿನ ಎಡಗೈಯಲ್ಲೇ ನಿಭಾಯಿಸಿದ್ದರು.

“ವಾರಕ್ಕೆ ಒಂದು ಸಲ ನಾನು ಬಂದರೆ ಸಾಲಲ್ಲ ಮೇಡಂ,” ಅಂದಳು ನನಗೆ. “ದಿನಾ ಮನೆಯವರು ಯಾರಾದರೂ ಬಿಸಿನೀರಿನ ಶಾಖ ಕೊಟ್ಟು, ಹೀಗೆ ಒತ್ತಿ, ಕೈ ಎತ್ತಿಸಬೇಕು. ಯಾರು ಮಾಡ್ತೀರಾ?”

ಮಾವ ಕಂಬ ನೋಡಿದರು. ನಾನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದೆ, ಆಮೇಲೆ ಮಾವನಿಗೆ ಕಳಿಸಿದರಾಯಿತು ಅಂತ! ಹುಡುಗಿ ನನ್ನ ಕೈಯಿಂದ ಫೋನು ತೆಗೆದು ಪಕ್ಕಕ್ಕಿಟ್ಟಳು. “ಬನ್ನಿ, ಇಲ್ಲಿ ಕೂತ್ಕೊಳ್ಳಿ. ಕೈ ಇಡಿ.”

ಇಟ್ಟೆ. ಆಗ ನನಗೆ ಒಂದು ವಿಷಯ ಹೊಳೆಯಿತು, ಹೊಳೆದು ನಾಚಿಕೆಯೂ ಆಯಿತು. ಈ ಹೆಂಗಸು ನಾನು ಚಿಕ್ಕವಳಿದ್ದಾಗ ಎಷ್ಟು ಶನಿವಾರ ನನ್ನ ತಲೆಗೆ ಎಣ್ಣೆ ತಟ್ಟಿ ನೀರೆರೆದಿದ್ದಾರೆ, ನನ್ನ ಎರಡು ಬಾಣಂತನದಲ್ಲೂ ಮೈ ನೀವಿ ನೀವಿ ನನ್ನನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದ್ದಾರೆ. ನಾನು ಅವರನ್ನು ಮುಟ್ಟಿದ್ದು ಹಬ್ಬದಲ್ಲಿ ಕಾಲಿಗೆ ಬೀಳುವಾಗ ಮಾತ್ರ, ಅದೂ ಅರೆ ಕ್ಷಣ. ಐದು ಅಂತಸ್ತಿನ ಹುಳ ಸಾಕುವ ಭುಜ ಮರದ ದಿಮ್ಮಿಯ ಹಾಗಿರುತ್ತದೆ ಅಂದುಕೊಂಡಿದ್ದೆ. ನನ್ನ ಅಂಗೈಯೊಳಗೆ ಪೂರ್ತಿ ಹಿಡಿಸಿಬಿಟ್ಟಿತು. ಬರೀ ಮೂಳೆ. ನನಗೆ ಅಳು ಬಂತು.

ಅತ್ತೆ ತಿರುಗಿ ನೋಡಲಿಲ್ಲ. ಕೈ ಬದಲಾದದ್ದು ಅವರಿಗೆ ಗೊತ್ತಾಗಿತ್ತು.

“ಮಗಾ.”

“ಹೂಂ ಅತ್ತೆ.”

“ನಿಜ ಹೇಳು. ಕೈ ಏಳ್ತದಾ? ಮೇಲಿನ್ ತಟ್ಟೆಗಂಟ?”

ನನಗೇನು ಗೊತ್ತು! ನಾನು ಗಣಿತದ ಟೀಚರು. “ಏಳ್ತದೆ ಅತ್ತೆ. ಮರಿಹುಳ ತರ್ಸು. ರಜಾ ಹಾಕ್ತೀನಿ, ಇಲ್ಲೇ ಇರ್ತೀನಿ, ದಿನಾ ಒತ್ತುತ್ತೀನಿ.”

ಮಾವ ಎದ್ದು ಹೋಗಿ ಗೂಟದಲ್ಲಿದ್ದ ಬೀಗ ತೆಗೆದು ಅಕ್ಕಿ ಡಬ್ಬದ ಹಿಂದೆ ಇಟ್ಟು ಬಂದರು. ಅತ್ತೆ ಅದನ್ನು ಕಣ್ಣಂಚಿನಲ್ಲಿ ನೋಡಿದರು. ಆಮೇಲೆ ಗೊಣಗಿದರು.

“ನಿನ್ ಕೈ ಯಾಕ್ ಮಗಾ ಇಷ್ಟ್ ತಣ್ಣಗವೆ?”

ಉಜ್ಜಿ ಬೆಚ್ಚಗೆ ಮಾಡಿಕೊಳ್ಳೋಣವೆಂದು ನಾನು ಕೈ ಎತ್ತಿದೆ.

“ತೆಗೀಬ್ಯಾಡ,” ಅಂದರು ಅತ್ತೆ. “ಹಂಗೇ ಇರ್ಲಿ.”