ಹನ್ನೊಂದು ಕಮಾನಿಗೆ ಒಂದೂ ಕಡಿಮೆಯಿಲ್ಲ

ಎಲ್ಲ ರಗಳೆಗೂ ಮೂಲ ನಾಲ್ಕು ಕಮಾನು.

"ಹನ್ನೊಂದರಲ್ಲಿ ನಾಲ್ಕು ಕತ್ತರಿಸಿ ಬಿಸಾಕು, ಸಿರಿಲ್. ಏಳಿದ್ರೆ ಧಾರಾಳವಾಯ್ತು. ಯಾರು ಎಣಿಸ್ತಾರೆ?" ಎಂದ ಕ್ಲೆಗ್‌ಡೇಲ್ ಊರಿನ ಪುಟಾಣಿ ಮಾದರಿ ರೈಲು ಕಟ್ಟುವವರ ಸಂಘದ ಕಾರ್ಯದರ್ಶಿ ಟ್ರೆವರ್.

"ನಾನು ಎಣಿಸ್ತೀನಿ," ಎಂದ ಸಿರಿಲ್ ಗ್ರೀನ್‌ವುಡ್.

ಬಸ್ ಓಡಿಸಿ ನಿವೃತ್ತನಾದ ಈ ಮನುಷ್ಯನಿಗೆ ಕೈಮುಗಿಯಲೇಬೇಕು. ಊರಾಚೆಯ ಕಣಿವೆ ದಾಟುವ ರೈಲು ಸೇತುವೆಯನ್ನು ಎಪ್ಪತ್ತಾರರಲ್ಲಿ ಒಂದು ಪಾಲಿಗೆ ಇಳಿಸಿ, ಕಲ್ಲಿಗೆ ಕಲ್ಲು ತಾಳೆ ನೋಡಿ ಕಟ್ಟಿದ್ದ. ನಿಜವಾದದ್ದು ಐನೂರೈವತ್ತು ಅಡಿ, ಇದು ಏಳೂಕಾಲು. ಉಳಿದವರು ಜಾಗ ನೋಡಿ ಸೇತುವೆ ಮಾಡಿದರೆ ಇವನು ಸೇತುವೆ ನೋಡಿ ಜಾಗ ಮಾಡುತ್ತಿದ್ದ. ಮೂರು ವರ್ಷ ಅದು ಊಟದ ಮೇಜಿನ ಮೇಲೆ ಮಲಗಿತ್ತು. ಮೇಜು ಆರಡಿ, ಮಿಕ್ಕ ತುದಿ ಹೆಂಡತಿ ಮೇವಿಸ್‌ಳ ಕುರ್ಚಿಯ ಮೇಲೆ. ಪಾಪ, ಮೇವಿಸ್ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು.

ಹೋದ ವಾರ ಅವಳ ತಾಳ್ಮೆ ಮುಗಿಯಿತು. "ಕಣಿವೆ ಆಚೆ ಅಕ್ಕನ ಮನೆಗೆ ಹೊರಟೆ. ನಿಮ್ಮ ಸಂಘದ ಪ್ರದರ್ಶನದ ದಿನ ಎರಡು ಗಂಟೆಗೆ ಬರ್ತೀನಿ. ನಿನ್ನ ಸೇತುವೆ ಮೇಲೆ ರೈಲು ಓಡೋದನ್ನ ಕಣ್ಣಾರೆ ಕಂಡ್ರೆ ನಿನ್ ಜೊತೆ ಮನೆಗೆ. ಇಲ್ಲಾಂದ್ರೆ ನೀನುಂಟು, ನಿನ್ನ ಕಮಾನುಂಟು!"

ಪ್ರದರ್ಶನದ ಬೆಳಗ್ಗೆ ಚರ್ಚಿನ ಸಭಾಂಗಣದ ಬಾಗಿಲಲ್ಲಿ ಸೇತುವೆ ತಿರುಗಲೇ ಇಲ್ಲ.

"ನಾನ್ ಆವತ್ತೇ ಬಡ್ಕೊಂಡೆ!" ಎಂದ ಟ್ರೆವರ್.

ಕಿಟಕಿಯಿಂದ ತೂರಿಸಿದರು. ಹಿಂದಿನ ತುದಿ ಚಹಾದ ಹಂಡೆಗೆ ತಗುಲಿ, ಬಿಸಿ ಚಹಾ ಟ್ರೆವರ್‌ನ ಬೂಟಿನೊಳಕ್ಕೆ ಇಳಿಯಿತು. ಒಳಗೆ ಜಾಗ ಸಾಲದೆ ತಿಂಡಿಯ ಮೇಜನ್ನೂ ಕಸಿದುಕೊಂಡರು. ಮೊಟ್ಟೆ ಸ್ಯಾಂಡ್‌ವಿಚ್‌ಗಳು ಪಿಯಾನೋ ಏರಿದವು. ಬೈಗುಳವೆಲ್ಲ ಸಿರಿಲ್‌ನ ಪಾಲಿಗೆ. ಆದರೆ ಸೇತುವೆ ನೆಟ್ಟಗೆ ನಿಂತಾಗ ಬೈಯುತ್ತಿದ್ದವರ ಬಾಯಿ ಕಟ್ಟಿತು. ಎಂಥ ಚೆಂದ!

ಒಂದೂವರೆಗೆ ತೀರ್ಪುಗಾರ್ತಿ ಹೇಜಲ್ ಮಾರ್ಷ್ ಬಂದಳು. ವಾರವಿಡೀ ನಿಜವಾದ ರೈಲು ಸೇತುವೆಗಳನ್ನು ತಪಾಸಣೆ ಮಾಡುವುದೇ ಅವಳ ಕೆಲಸ. ಭೂತಗನ್ನಡಿ ಹಿಡಿದು ಮಂಡಿಯೂರಿದಳು.

"ಅಬ್ಬಾ! ನಮ್ಮ ಕಚೇರಿ ನಕ್ಷೇಲೂ ಇಷ್ಟು ವಿವರ ಇಲ್ಲ ಕಣ್ರೀ." ಐದನೇ ಕಂಬದ ಹತ್ತಿರ ಭೂತಗನ್ನಡಿ ನಿಂತಿತು. "ಇದೇನಿದು, ಬಣ್ಣ ಸೋರಿದ್ದಾ?"

"ಛೆ ಛೆ, ಬಿರುಕು ಮೇಡಂ!" ಸಿರಿಲ್‌ಗೆ ಅವಮಾನವಾಯಿತು. "ನಿಜವಾದ ಸೇತುವೇನ ದುರ್ಬೀನು ಹಾಕಿ ನೋಡಿ ಬರೆದದ್ದು. ಮೊದಲು ಮೂರು ಕಲ್ಲುದ್ದ ಇತ್ತು. ಈಗ ಒಂಬತ್ತು. ನಾಲ್ಕು ಸಲ ತಿದ್ದಿದೀನಿ."

"ಯಾರಿಗಾದ್ರೂ ಹೇಳಿದ್ರಾ?"

"ಹೇಳೋದೇನು ಬಂತು? ಮಾದರಿ ಸರಿಯಾಗಿದೆಯಲ್ಲ!"

ಹೇಜಲ್ ಫೋನ್ ಹಿಡಿದು ಅಂಗಳಕ್ಕೆ ಓಡಿದಳು. ಹತ್ತೇ ನಿಮಿಷದಲ್ಲಿ ಆ ಮಾರ್ಗದ ರೈಲುಗಳೆಲ್ಲ ನಿಂತವು. ಇಂಜಿನಿಯರುಗಳು ಹೋಗಿ ನೋಡಿದರೆ ಬಿರುಕು ಹೌದೇ ಹೌದು, ಸರಿಯಾಗಿ ಒಂಬತ್ತು ಕಲ್ಲು. ಸಭಾಂಗಣದ ತುಂಬ ಜನ ಸಿರಿಲ್‌ನ ಬೆನ್ನು ತಟ್ಟಿದರು. ಇವತ್ತಿನ ಕಪ್ ಅವನಿಗಲ್ಲದೆ ಇನ್ನಾರಿಗೆ?

ಸಿರಿಲ್‌ನ ಕಣ್ಣು ಮಾತ್ರ ಬಾಗಿಲ ಮೇಲೆ. ಎರಡೂವರೆಗೆ ಮೇವಿಸ್‌ಳ ಫೋನ್ ಬಂತು.

"ಸಿರಿಲ್, ರೈಲು ನಿಂತು ಮುಕ್ಕಾಲು ಗಂಟೆ ಆಯ್ತು. ಸೇತುವೆ ಕಣ್ಮುಂದೇನೇ ಇದೆ, ದಾಟೋಕೆ ಬಿಡ್ತಿಲ್ಲ. ಬರ್ತೀನಿ, ಕಾಯ್ತಿರು. ಯಾವನೋ ಪುಣ್ಯಾತ್ಮ ಬಿರುಕು ಕಂಡುಹಿಡಿದನಂತೆ. ಅವನ ಹೊಟ್ಟೆ ತಣ್ಣಗಿರ್ಲಿ, ನಮ್ಮ ಪ್ರಾಣ ಉಳಿಸ್ದ."

ಸಿರಿಲ್‌ನ ಎದೆ ಉಬ್ಬಿತು. ಬಾಯಿ ತೆರೆಯುವಷ್ಟರಲ್ಲಿ ಟ್ರೆವರ್ ಮೈಕಿನಲ್ಲಿ ಕೂಗಿದ: "ಬಿರುಕು ಕಂಡುಹಿಡಿದ ನಮ್ಮ ಸಿರಿಲ್ ಗ್ರೀನ್‌ವುಡ್‌ಗೆ ಜೋರಾಗಿ ಒಂದು ಚಪ್ಪಾಳೆ!"

"ನೀನಾ?" ಮೇವಿಸ್‌ಳ ದನಿ ಕರಗಿತು. "ಅಯ್ಯೋ ನನ್ನ ರಾಜ! ಯಾವಾಗ ನೋಡ್ದೆ ಅದನ್ನ?"

ಅಳತೆಯಲ್ಲಿ ಎಂದೂ ಸುಳ್ಳಾಡದ ಬಾಯಿ ಅದು.

"ಮೇ ಎರಡನೇ ತಾರೀಕು," ಎಂದ.



"ಮೇ ತಿಂಗಳಿಂದ," ಎಂದಳು ಮೇವಿಸ್, "ಪ್ರತಿ ಮಂಗಳವಾರ 'ಅಕ್ಕನ್ನ ನೋಡ್ಕೊಂಡು ಬಾ' ಅಂತ ನನ್ನ ಅದೇ ಸೇತುವೆ ಮೇಲೆ ಕಳಿಸ್ತಿದ್ಯಲ್ಲೋ, ಪಾಪಿ!"